ಈರಭದ್ರಪ್ಪ ಹಾಕುತ್ತಿದ್ದ ಕಣ್ಣಿನ ಹನಿ

ಗದಗಿನ ಕಾಶವ್ವನ ಕಣ್ಣು ಹೋಗಿದ್ದು ಸುಣ್ಣದಿಂದ... ಹಬ್ಬಕ್ಕೆ ಗೋಡೆಗೆ ಬಳಿಯಲು ಸುಣ್ಣ ಕುದಿಯುತ್ತಿತ್ತು. ಬಗ್ಗಿ ನೋಡಿದಳು, ಸಿಡಿದೇ ಬಿಟ್ಟಿತು.

ಒಂದು ಕಣ್ಣು ಪೂರ್ತಿ ಹೋಯಿತು. ಇನ್ನೊಂದಕ್ಕೆ ಯಾರೋ ಪುಣ್ಯಾತ್ಮರು ದಾನ ಮಾಡಿದ ಕಾರ್ನಿಯಾ ಹಾಕಿದರು. ಅದೂ ಹಿಡಿಯಲಿಲ್ಲ. ವರ್ಷಗಟ್ಟಲೆ ಕತ್ತಲೆ...

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಅದೇ ಕಣ್ಣಿಗೆ ಕೃತಕ ಕಾರ್ನಿಯಾ ಕೂರಿಸಿದರು. ಪಟ್ಟಿ ಬಿಚ್ಚಿದಾಗ ಎದುರಿಗೆ ಗಂಡ ಈರಭದ್ರಪ್ಪ!

"ಅಯ್ಯ, ತಲಿ ಎಲ್ಲಾ ಬೆಳ್ಳಗಾಗೇತಲ್ರೀ! ಗದ್ದದ ಕುಳಿ ಮಾತ್ರ ಹಾಂಗೇ ಐತಿ..." ಎಂದು ನಕ್ಕಳು. ನಗುತ್ತಲೇ ಅತ್ತಳು.

ಡಾಕ್ಟರು ಗಂಡನಿಗೆ ಹೇಳಿದರು: "ನಮ್ಮ ಕೆಲಸ ಮುಗೀತು. ದಿನಾ ಡ್ರಾಪ್ಸ್ ಹಾಕೋದು ನಿಮ್ಮ ಕೆಲಸ, ಅದು ಜೀವ ಇರೋವರೆಗೂ ಮುಗಿಯಲ್ಲ. ಬಿಟ್ರೆ ಇನ್ಫೆಕ್ಷನ್ ಆಗಿ ಕಣ್ಣು ಹೋಗುತ್ತೆ."

ಈರಭದ್ರಪ್ಪ ಗ್ಯಾರೇಜಿನ ಮನುಷ್ಯ, ಕೈತುಂಬ ಗ್ರೀಸು. ಆದರೆ ಹನಿ ಹಾಕುವ ಹೊತ್ತಿಗೆ ಮೊಣಕೈವರೆಗೂ ಸೋಪು ಹಚ್ಚಿ ತಿಕ್ಕಿ ತೊಳೆಯುತ್ತಿದ್ದ.

"ಮ್ಯಾಲ ನೋಡು ಕಾಶಿ..." ಎನ್ನುತ್ತಿದ್ದ.

ಹಬ್ಬವಿರಲಿ, ಜ್ವರವಿರಲಿ, ಇಬ್ಬರೂ ಜಗಳವಾಡಿ ಮಾತು ಬಿಟ್ಟಿರಲಿ... ಹನಿ ತಪ್ಪಲಿಲ್ಲ.

ಹತ್ತು ವರ್ಷ ದಾಟಿದರೂ ಕಣ್ಣು ಚೆನ್ನಾಗಿತ್ತು. ಹೊಸ ಪೇಷಂಟುಗಳಿಗೆ ಡಾಕ್ಟರು ಈ ಜೋಡಿಯನ್ನೇ ತೋರಿಸಿ ಧೈರ್ಯ ಹೇಳುತ್ತಿದ್ದರು.

ಒಂದು ದಿನ ಈರಭದ್ರಪ್ಪ ಗ್ಯಾರೇಜಿನಲ್ಲೇ ಎದೆ ಹಿಡಿದು ಕುಸಿದ. ಮತ್ತೆ ಏಳಲಿಲ್ಲ.

ಮನೆತುಂಬ ನೆಂಟರು, ಅಳು. ಬಸುರಿ ಸೊಸೆ ರೋಹಿಣಿ ಮಾತ್ರ ಮರೆಯದೆ ಕೇಳುತ್ತಿದ್ದಳು: "ಅತ್ತಿ, ಹನಿ ನಾ ಹಾಕ್ಲೇನ್ರಿ?"

"ನಾನೇ ಹಾಕ್ಕೊಂಡೇನವ್ವ..."

ಸುಳ್ಳು! ಬಾಟಲಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಹಾಕುವ ಕೈಯೇ ಹೋದ ಮೇಲೆ ಹನಿ ಯಾಕೆ? ಅವರಿಲ್ಲದ ಮನೆಯಲ್ಲಿ ನೋಡುವುದಾದರೂ ಏನನ್ನು? ಹಾಗೆಂದು ಹಟ ಹಿಡಿದಿದ್ದಳು.

ಕಣ್ಣು ಕೆಂಪಾಯಿತು. ಅತ್ತು ಅತ್ತು ಹೀಗಾಗಿದೆ ಎಂದುಕೊಂಡರು ಎಲ್ಲರೂ. ನೋವು ತಡೆಯಲಾರದೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಿನೊಳಗೆಲ್ಲ ಕೀವು...

"ಇನ್ನು ಏನೂ ಮಾಡೋಕಾಗಲ್ಲಮ್ಮ," ಎಂದರು ಡಾಕ್ಟರು.

ಕಾಶವ್ವ ಅಳಲಿಲ್ಲ. "ಹೋಗ್ಲಿ ಬಿಡ್ರಿ," ಎಂದಳು, ಅಷ್ಟೇ.

ಒಂದೆರಡು ತಿಂಗಳಲ್ಲಿ ಸೊಸೆಗೆ ಹೆರಿಗೆಯಾಯಿತು. ಕೂಸನ್ನು ತಂದು ಅಜ್ಜಿಯ ಮಡಿಲಲ್ಲಿಟ್ಟರು.

"ಅತ್ತಿ... ಥೇಟ್ ಮಾವನೋರ ಮಾರಿ ನೋಡ್ರಿ!" ಎಂದ ರೋಹಿಣಿ ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಕಾಶವ್ವನ ಬೆರಳುಗಳು ಕೂಸಿನ ಹಣೆ, ಮೂಗು ಸವರುತ್ತ ಕೆಳಗಿಳಿದವು. ಗದ್ದದಲ್ಲಿ ಅದೇ ಕುಳಿ!

"ನನಗ ಮಾರಿ ತೋರ್ಸಾಕ ತಿರುಗಿ ಬಂದಾರವ್ವ... ಅವರು ಇಷ್ಟು ವರ್ಷ ಕಾಯ್ದಿಟ್ಟ ಕಣ್ಣ, ನಾ ಕೈಯಾರೆ ಕಳಕೊಂಡ್ನಲ್ಲವ್ವ!"

ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಕಾಶವ್ವ. ಕೂಸನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು...

*ಹೋದವರು ಜೋಪಾನ ಮಾಡಿದ್ದನ್ನು ನಾವು ಜೋಪಾನ ಮಾಡುವುದೇ ಅವರನ್ನು ನೆನೆಯುವ ರೀತಿ.*

ನಿಮಗಾಗಿ ಯಾರೋ ದಿನಾ ಕಾಪಾಡಿಕೊಂಡು ಬಂದದ್ದು ನಿಮ್ಮಲ್ಲೂ ಏನಾದರೂ ಇರಬೇಕಲ್ಲವೇ... ಇವತ್ತು ಅದರ ಕಡೆ ಗಮನ ಕೊಟ್ಟಿರಾ?