ಗ್ಯಾರೇಜಿನಲ್ಲಿ ಮಾತ್ರ ಸ್ಟಾರ್ಟ್ ಆಗುವ ಕಾರು

"ನೀನು ಹತ್ತಿ ಕೂತರೇನೇ ಇದಕ್ಕೆ ರೋಗ ಬರೋದು," ಎಂದು ಸ್ಟೋರ್‌ಕೀಪರ್ ಮತ್ತೊಮ್ಮೆ ಕೀ ತಿರುಗಿಸಿದ. ಕಾರು ತುಟಿ ಪಿಟಕ್ಕೆನ್ನಲಿಲ್ಲ.

ಪಕ್ಕದ ಸೀಟಿನಲ್ಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಡತಿ ಗಡಿಯಾರ ನೋಡಿದಳು. ಆಪರೇಶನ್ ಆದ ತಂಗಿಯನ್ನು ಇವತ್ತು ಆಸ್ಪತ್ರೆಯಿಂದ ಕಳಿಸುತ್ತಾರೆ. ಕರೆದುಕೊಂಡು ಬರಲು ಅಕ್ಕನನ್ನು ಬಿಟ್ಟರೆ ಯಾರೂ ಇಲ್ಲ. "ಮಧ್ಯಾಹ್ನದೊಳಗೆ ಬಂದ್ಬಿಡು ಅಕ್ಕಾ, ಆಮೇಲೆ ಈ ಮಂಚ ಬೇರೆಯವರಿಗಂತೆ," ಎಂದು ಬೆಳಿಗ್ಗೆಯೇ ಫೋನ್ ಮಾಡಿದ್ದಳು.

ಫ್ಯಾಕ್ಟರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಸ್ಟೋರ್‌ಕೀಪರ್, ನಿವೃತ್ತನಾದ ಮೇಲೆ ಮನೆಯನ್ನೇ ಉಗ್ರಾಣ ಮಾಡಿಕೊಂಡಿದ್ದ. ಬೀರು, ಅಡುಗೆಮನೆಯ ಕಪಾಟು, ಟ್ರಂಕು, ಗೇಟು, ಕೊನೆಗೆ ಹೊಲಿಗೆ ಯಂತ್ರದ ಡ್ರಾಯರಿಗೂ ಬೀಗ. ಅಷ್ಟೂ ಬೀಗದ ಕೈಗಳು ಕಾರಿನ ಕೀಯ ಜೊತೆ ಒಂದೇ ಬಳೆಯಲ್ಲಿ ಜೋತುಬಿದ್ದು, ಎಮ್ಮೆಯ ಕೊರಳಿಗೆ ಕಟ್ಟುವಂಥ ಗೊಂಚಲಾಗಿತ್ತು. ತಂಗಿಗೆಂದು ಬೀರುವಿನಿಂದ ಒಂದು ಹೊದಿಕೆ ಬೇಕೆಂದಾಗಲೂ "ಯಾಕೆ? ಯಾವುದು? ಹಳೇದು ಆಗಲ್ವಾ?" ಎಂದು ವಿಚಾರಣೆ ನಡೆಸಿ, ತಾನೇ ತೆಗೆದುಕೊಟ್ಟು, ಮತ್ತೆ ಬೀಗ ಹಾಕಿ ಜಗ್ಗಿ ನೋಡಿದ್ದ. ಕಾರಿನ ಇನ್ನೊಂದು ಕೀ ಅದೇ ಬೀರುವಿನೊಳಗೆ ಭದ್ರವಾಗಿತ್ತು. ಡ್ರೈವಿಂಗ್ ಸ್ಕೂಲಿನವನ ಮಗಳಾದ ಅವಳು ಮದುವೆಯಾದ ಮೇಲೆ ಸ್ಟೇರಿಂಗ್ ಮುಟ್ಟಿದ್ದು ಧೂಳು ಒರೆಸುವಾಗ ಮಾತ್ರ.

ಅಕ್ಕಪಕ್ಕದವರು ಗೊಣಗುತ್ತಲೇ ತಳ್ಳಿದರು. ಇಳಿಜಾರಿನಲ್ಲಿ ಕಾರಿಗೆ ಹೇಗೋ ಜೀವ ಬಂತು. ಆ ಜೀವ ಹೋಗುವುದರೊಳಗೆ ಗ್ಯಾರೇಜು ಮುಟ್ಟಿದರು.

"ಮತ್ತೆ ಅದೇನಾ ಸಾರ್?" ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. "ಬ್ಯಾಟರಿ ಹೊಸದು, ಸ್ಟಾರ್ಟರ್ ಹೊಸದು, ವೈರೂ ಹೊಸದು. ಇನ್ನು ಹಳೇದು ಅಂತ ಉಳಿದಿರೋದು ನೀವೊಬ್ರೇ."

ಸ್ಟೋರ್‌ಕೀಪರ್ ಇಂಜಿನ್ ಆರಿಸಿ, ಗೊಂಚಲನ್ನು ಹೊರಗೆ ತೆಗೆದು, ಉಗುರಿನಿಂದ ಬಳೆ ಬಿಡಿಸಿ ಕಾರಿನ ಕೀಯನ್ನಷ್ಟೇ ಬೇರ್ಪಡಿಸತೊಡಗಿದ.

"ಹಂಗೇ ಕೊಡಿ ಸಾರ್, ಪರವಾಗಿಲ್ಲ."

"ಕೊಡ್ತೀನಿ, ಜೊತೆಗೆ ಮನೆ ಪತ್ರಾನೂ ಬೇಕಾ?"

ಮೆಕ್ಯಾನಿಕ್ ಬಿಡಿ ಕೀ ಹಾಕಿ ತಿರುಗಿಸಿದ. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆರಿಸಿ ಮತ್ತೆ ತಿರುಗಿಸಿದ, ಮತ್ತೆ ಆಯಿತು. "ನೋಡಿ, ನನ್ನ ಮುಂದೆ ಎಷ್ಟು ಸಾಧು!" ಎಂದು ಕೀ ಹಿಂತಿರುಗಿಸಿದ. ಸ್ಟೋರ್‌ಕೀಪರ್ ಅದನ್ನು ಜೋಪಾನವಾಗಿ ಗೊಂಚಲಿಗೆ ಸೇರಿಸಿ, ಕೂತು, ತಿರುಗಿಸಿದ. ಸದ್ದಿಲ್ಲ.

"ರಿಲೇ ಬದಲಾಯಿಸಿ ನೋಡೋಣ," ಎಂದು ಮೆಕ್ಯಾನಿಕ್ ಬಾನೆಟ್ಟಿನ ಕಡೆ ನಡೆದ. ಅವನ ಕೈಯಲ್ಲಿ ಬದಲಾಯಿಸಲು ಯಾವಾಗಲೂ ಏನಾದರೊಂದು ಇರುತ್ತಿತ್ತು.

ಹೆಂಡತಿಯ ಕಣ್ಣು ಮಾತ್ರ ಸ್ಟೇರಿಂಗಿನ ಕೆಳಗೆ ತೂಗಾಡುತ್ತಿದ್ದ ಗೊಂಚಲಿನ ಮೇಲಿತ್ತು. ಅದರ ಭಾರಕ್ಕೆ ಕೀ ಕತ್ತು ಬಗ್ಗಿಸಿ ನಿಂತಿತ್ತು. ಅವಳು ಕೈಚಾಚಿ ಗೊಂಚಲನ್ನು ಅಂಗೈಯಲ್ಲಿ ಹಗುರಾಗಿ ಎತ್ತಿ ಹಿಡಿದಳು.

"ಈಗ ತಿರುಗಿಸಿ ನೋಡಿ."

ಕಾರು ಗರ್ಜಿಸಿತು.

ಮೆಕ್ಯಾನಿಕ್ ಕಿಟಕಿಯಲ್ಲಿ ತಲೆ ತೂರಿಸಿದ. "ಅಯ್ಯೋ ನಿಮ್ಮ! ಇಷ್ಟು ಭಾರ ಜಗ್ಗಿ ಜಗ್ಗಿ ಕೀ ಹಾಕೋ ಲಾಕೇ ಸವೆದು ಹೋಗಿದೆ. ನೀವು ನಂಗೆ ಬರೀ ಕೀ ಕೊಟ್ರೆ ನಂಗೆ ಹೇಗೆ ಗೊತ್ತಾಗ್ಬೇಕು? ಹೊಸ ಲಾಕು ಬರೋವರೆಗೂ ಗೊಂಚಲನ್ನ ಅಮ್ಮನ ಕೈಗೆ ಕೊಡಿ ಸಾರ್. ಅಷ್ಟೇ."

ಸ್ಟೋರ್‌ಕೀಪರ್ ಹೆಂಡತಿಯ ಅಂಗೈ ನೋಡಿದ. ಇಡೀ ಮನೆ ಅದರೊಳಗೆ ಕೂತಿತ್ತು. ಅವನು ಚೆನ್ನಾಗಿ ಓಡುತ್ತಿದ್ದ ಇಂಜಿನ್ನನ್ನು ಆರಿಸಿದ.

"ಗೊಂಚಲು ಇನ್ನೊಬ್ಬರ ಕೈಗೆ ಕೊಡಲ್ಲ, ಕೀ ಬಿಡಿಯಾಗಿ ಇಟ್ಕೊಂಡ್ರೆ ಕಳೆದುಹೋಗತ್ತೆ. ಬಸ್ಸಲ್ಲಿ ಹೋಗೋಣ, ಇಳಿ."

"ಬಸ್ಸು ಊರೆಲ್ಲ ಸುತ್ತಿ ಸಂಜೆಗೆ ಮುಟ್ಟಿಸತ್ತೆ ರೀ. ಹೊಟ್ಟೇಲಿ ಹೊಲಿಗೆ ಇಟ್ಕೊಂಡು ಅವಳು ಬಸ್ಸಲ್ಲಿ ಬರ್ತಾಳಾ?"

"ನಿಧಾನಕ್ಕೆ ಬಂದರಾಯ್ತು." ಅವನು ಮತ್ತೆ ಬಳೆ ಬಿಡಿಸಿ ಕಾರಿನ ಕೀಯನ್ನು ಮೆಕ್ಯಾನಿಕ್ಕಿಗೆ ಕೊಟ್ಟ. "ಗಟ್ಟಿ ಲಾಕು ಹಾಕಪ್ಪ. ಈ ಭಾರ ತಡೆಯೋಂಥದ್ದು." ಗೊಂಚಲನ್ನು ಜೇಬಿಗಿಳಿಸಿ, ಒಂದು ಕಡೆಗೆ ಜಗ್ಗುತ್ತಿದ್ದ ಪ್ಯಾಂಟನ್ನು ಕೈಯಲ್ಲಿ ಹಿಡಿದೆತ್ತಿಕೊಂಡು ಬಸ್ ಸ್ಟಾಪಿನ ಕಡೆ ಹೊರಟ.

ಹೆಂಡತಿ ಇಳಿದಳು. ಫ್ಲಾಸ್ಕನ್ನು ಸೀಟಿನ ಮೇಲಿಟ್ಟು, ಮೆಕ್ಯಾನಿಕ್ಕಿನ ಮುಂದೆ ಅಂಗೈ ಚಾಚಿದಳು. ಅವನು ದೂರ ಹೋಗುತ್ತಿದ್ದ ಸ್ಟೋರ್‌ಕೀಪರನ ಬೆನ್ನನ್ನೊಮ್ಮೆ, ಚಾಚಿದ ಅಂಗೈಯನ್ನೊಮ್ಮೆ ನೋಡಿ, ಕೀ ಇಟ್ಟುಬಿಟ್ಟ.

ಅವಳು ಸ್ಟೇರಿಂಗಿನ ಮುಂದೆ ಕೂತು, ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡಳು. ಬಿಡಿ ಕೀ ತಿರುಗಿಸಿದೊಡನೆ ಕಾರು ಹೇಳಿದ ಮಾತು ಕೇಳಿತು. ಬಸ್ ಸ್ಟಾಪಿನ ಹತ್ತಿರ ನಿಧಾನಿಸಿ ಗಾಜು ಇಳಿಸಿದಳು.

"ರೀ, ನೀವು ಹಾಗೇ ಮನೆಗೆ ಹೋಗಿ. ಗೊಂಚಲು ನಿಮ್ಮ ಹತ್ರಾನೇ ಇದೆಯಲ್ಲ, ನಾನು ತಂಗೀನ ಕರ್ಕೊಂಡು ಬರೋದ್ರೊಳಗೆ ಬೀಗ ಎಲ್ಲಾ ತೆಗೆದಿಟ್ಟಿರಿ."

ನಿಲ್ಲು ಎನ್ನಲು ಅವನು ಕೈ ಎತ್ತಿದ. ಪ್ಯಾಂಟು ಜಾರಿತು. ಎತ್ತಿದ ಕೈಯನ್ನು ಗಡಿಬಿಡಿಯಿಂದ ಸೊಂಟಕ್ಕೇ ತಂದ.