ಕಾರ್ಟೂನಿನೊಳಗಿನ ಅಪ್ಪ

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಒಂದು ಗಿಳಿಯೊಳಗೆ ಅಡಗಿರುತ್ತಿತ್ತು...

ಈ ಕಥೆಯ ಅಪ್ಪನ ಪ್ರಾಣ ಇದ್ದದ್ದು ಶನಿವಾರದ ಒಂದೇ ಒಂದು ಗಂಟೆಯಲ್ಲಿ. ಹನ್ನೊಂದರಿಂದ ಹನ್ನೆರಡು.

ಅವನ ಹೆಸರು ನಿರಂಜನ. ಸ್ವಂತ ಪ್ಲೈವುಡ್ ಅಂಗಡಿ. ಗಂಡ ಹೆಂಡತಿಯ ಕೇಸು ಫ್ಯಾಮಿಲಿ ಕೋರ್ಟಿನಲ್ಲಿತ್ತು. ಏಳು ವರ್ಷದ ಮಗಳು ಇಂಚರ ತಾಯಿಯ ಹತ್ತಿರ ಇದ್ದಳು.

ವಾರಕ್ಕೊಮ್ಮೆ, ಕೋರ್ಟಿನ ಮಕ್ಕಳ ಕೋಣೆಯಲ್ಲಿ, ಒಂದು ಗಂಟೆ ಮಗಳನ್ನು ನೋಡಬಹುದು ಎಂದು ಆದೇಶವಾಗಿತ್ತು.

ಐದು ಶನಿವಾರ ಕಳೆದವು... ಮಗಳು ಒಂದು ಮಾತೂ ಆಡಲಿಲ್ಲ.

ಆ ಕೋಣೆಯಲ್ಲಿ ಒಂದು ಟಿವಿ ಇತ್ತು. ಆ ಹೊತ್ತಿಗೆ ಅದರಲ್ಲಿ ‘ಮನೆ ನಂಬರ್ ಹದಿನೇಳು’ ಎಂಬ ಕಾರ್ಟೂನ್ ಬರುತ್ತಿತ್ತು.

ಹಾರುವ ಹೀರೋ ಇಲ್ಲ, ಮಾತಾಡುವ ಪ್ರಾಣಿಗಳಿಲ್ಲ. ಒಂದು ಮಾಮೂಲಿ ಮನೆ. ಬೊಜ್ಜಿನ ಅಪ್ಪ, ಸಿಡುಕಿನ ಅಮ್ಮ, ಕಿತ್ತಾಡುವ ಇಬ್ಬರು ಮಕ್ಕಳು, ಹಲ್ಲಿನ ಸೆಟ್ಟನ್ನು ಎಲ್ಲೋ ಇಟ್ಟು ಮನೆಯೆಲ್ಲಾ ಹುಡುಕುವ ಅಜ್ಜಿ... ಅಷ್ಟೇ.

ಇಂಚರ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಕೂತ ಅಪ್ಪನನ್ನಲ್ಲ.

ಆರನೆಯ ಶನಿವಾರ ನಿರಂಜನ ಒಂದು ಗೊಂಬೆ, ಬ್ಯಾಟರಿ ಕಾರು, ಅಡುಗೆ ಸೆಟ್ಟು, ಎರಡು ಫ್ರಾಕು ಹೊತ್ತು ತಂದ.

ಬಾಗಿಲಲ್ಲೇ ಕೌನ್ಸೆಲರ್ ಜಯಶೀಲಾ ಮೇಡಂ ತಡೆದು ನಿಲ್ಲಿಸಿದರು. “ಅಂಗಡೀನೇ ಎತ್ಕೊಂಡು ಬಂದಿದ್ದೀರಲ್ಲ ಸ್ವಾಮಿ... ಇನ್ನು ನೀವು ಕೂರೋದೆಲ್ಲಿ?”

ಅವನು ನಗಲಿಲ್ಲ.

ಮೇಡಂ ದನಿ ತಗ್ಗಿಸಿದರು. “ಸೋಮವಾರ ರಿಪೋರ್ಟ್ ಕೊಡ್ಬೇಕು. ಮಗೂನ ಹೀಗೆ ಬಲವಂತವಾಗಿ ಎಷ್ಟು ದಿನ ಕೂರ್ಸೋಕಾಗುತ್ತೆ? ಇವತ್ತೂ ಮಾತಾಡ್ಲಿಲ್ಲ ಅಂದ್ರೆ, ಭೇಟಿ ನಿಲ್ಲಿಸಿ ಅಂತ ಬರೀಬೇಕಾಗುತ್ತೆ ನಿರಂಜನ್.”

ನಿರಂಜನ ಗಡಿಬಿಡಿಯಲ್ಲಿ ಒಳಗೆ ಹೋದ.

ಗೊಂಬೆ ಕೊಟ್ಟ. ಅವಳು ಅದನ್ನು ಪಕ್ಕಕ್ಕಿಟ್ಟಳು. ಕಾರು ಓಡಿಸಿ ತೋರಿಸಿದ. ಅದು ಗೋಡೆಗೆ ಡಿಕ್ಕಿ ಹೊಡೆದು ಅಲ್ಲೇ ಗರಗರ ಎನ್ನುತ್ತಾ ನಿಂತಿತು.

“ಪುಟ್ಟೀ, ಸ್ಕೂಲಲ್ಲಿ ಏನ್ ಹೇಳ್ಕೊಟ್ರು? ... ಕಂದಾ, ಊಟ ಆಯ್ತಾ? ... ಅಪ್ಪನ ಮೇಲೆ ಕೋಪಾನಾ?”

ಅವಳ ಕಣ್ಣು ಟಿವಿಯ ಮೇಲೇ ಇತ್ತು. ಗಡಿಯಾರ ನೋಡಿದ. ಹನ್ನೊಂದೂವರೆ.

ತಡೆಯಲಾಗಲಿಲ್ಲ. ರಿಮೋಟ್ ತೆಗೆದುಕೊಂಡು ಟಿವಿ ಆರಿಸಿಬಿಟ್ಟ. “ಏನಿದೆ ಇದ್ರಲ್ಲಿ? ದಿನಾ ಅದೇ ಮನೆ, ಅದೇ ಉಪ್ಪಿಟ್ಟು, ಅದೇ ಜಗಳ...”

ಇಂಚರ ಎದ್ದು ನಿಂತಳು. ಕೈ ಚಾಚಿದಳು.

“ಹಾಕು.”

ಆರು ವಾರದಲ್ಲಿ ಅವಳ ಮೊದಲ ಮಾತು...

“ನನ್ ಜೊತೆ ಮಾತಾಡು ಕಂದಾ, ಹಾಕ್ತೀನಿ.”

ಅವಳ ಕಣ್ಣಿಂದ ಸದ್ದಿಲ್ಲದೆ ನೀರು ಇಳಿಯತೊಡಗಿತು. ಮೂಲೆಯ ಮೇಜಿನಿಂದ ಮೇಡಂ ಹೇಳಿದರು, “ಹಾಕ್ರೀ ಅದನ್ನ.”

ಹಾಕಿದ. ಸೋತವನಂತೆ ಚಾಪೆಯ ಮೇಲೆ ಮಗಳ ಪಕ್ಕ ಕುಸಿದು ಕೂತ. ಇನ್ನು ಕೇಳಲು ಅವನಲ್ಲಿ ಪ್ರಶ್ನೆಗಳೇ ಉಳಿದಿರಲಿಲ್ಲ. ಸುಮ್ಮನೆ ಟಿವಿ ನೋಡಿದ.

ಕಾರ್ಟೂನಿನಲ್ಲಿ ಗಂಡ ಹೆಂಡತಿಗೆ ಜೋರು ಜಗಳ ನಡೆದಿತ್ತು. ಬೊಜ್ಜಿನ ಅಪ್ಪ ಚಪ್ಪಲಿ ಮೆಟ್ಟಿಕೊಂಡು, “ಇನ್ನು ಈ ಮನೆಗೆ ಕಾಲಿಡಲ್ಲ” ಎಂದು ಧಡಾರನೆ ಬಾಗಿಲು ಹಾಕಿಕೊಂಡು ಹೊರಟ.

ಒಂದು ವರ್ಷದ ಹಿಂದೆ ನಿರಂಜನ ಹೇಳಿದ್ದೂ ಅದೇ ಮಾತು. ಅವತ್ತು ಇಂಚರ ಊಟದ ತಟ್ಟೆ ಮುಂದೆ ಕೂತಿದ್ದಳು...

“ಇದನ್ನೆಲ್ಲಾ ಯಾಕ್ ನೋಡ್ತೀಯ ಪುಟ್ಟೀ...”

“ಶ್... ಈಗ ಬರ್ತಾರೆ.”

“ಯಾರು?”

“ಅಪ್ಪ.”

ಟಿವಿಯಲ್ಲಿ ಹಿಂದಿನ ಬಾಗಿಲು ಮೆಲ್ಲನೆ ತೆರೆಯಿತು. ಬೊಜ್ಜಿನ ಅಪ್ಪ ಕಳ್ಳಹೆಜ್ಜೆ ಇಡುತ್ತಾ ಒಳಗೆ ಬಂದು, ಏನೂ ಆಗದವನಂತೆ ಕೂತು, “ಇನ್ನೊಂಚೂರು ಉಪ್ಪಿಟ್ಟು ಇದ್ಯಾ?” ಎಂದ. ಅಮ್ಮ ಮುಖ ಊದಿಸಿಕೊಂಡೇ ಬಡಿಸಿದಳು.

ಇಂಚರ ನಕ್ಕಳು... ಆಮೇಲೆ ಟಿವಿ ಕಡೆಗೇ ನೋಡುತ್ತಾ ಹೇಳಿದಳು,

“ಇವ್ರು ದಿನಾ ಹೋಗ್ತಾರೆ. ದಿನಾ ಬರ್ತಾರೆ.”

ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಮತ್ತೆ ಹೇಳಿದಳು,

“ನಾನೂ ಹಿಂದಿನ ಬಾಗಿಲ ಚಿಲಕ ಹಾಕ್ತಿರ್ಲಿಲ್ಲ. ಅಮ್ಮ ಹಾಕಿದ್ರೆ, ಹೋಗಿ ತೆಗೀತಿದ್ದೆ. ಬೈಸ್ಕೊಂಡೆ. ನೀನು ಬರ್ಲಿಲ್ಲ.”

ನಿರಂಜನ ಟಿವಿ ಬಿಟ್ಟು ಅವಳ ಕಡೆ ತಿರುಗಿದ.

“ಆಮೇಲೆ ಬೇರೆ ಮನೆಗೆ ಹೋದ್ವಿ. ಆ ಮನೆಗೆ ಹಿಂದಿನ ಬಾಗಿಲೇ ಇಲ್ಲ ಅಪ್ಪ...”

ಇಷ್ಟು ದಿನ ಅವನು ವಕೀಲರ ಮುಂದೆ ಕೂತು ಹೆಂಡತಿಯ ತಪ್ಪುಗಳನ್ನೆಲ್ಲಾ ಹೇಳಿದ್ದ. ಎಲ್ಲವೂ ಅವನಿಗೆ ನೆನಪಿದ್ದವು. ಮಗಳು ಬಾಗಿಲ ಹತ್ತಿರ ಕಾಯುತ್ತಿರಬಹುದು ಎನ್ನುವುದು ಮಾತ್ರ ಒಂದು ದಿನವೂ ಹೊಳೆದಿರಲಿಲ್ಲ.

ಮುಖ ಮುಚ್ಚಿಕೊಂಡು ಅತ್ತ. ತನ್ನ ಕೇಸಿಗೋಸ್ಕರ ಅಲ್ಲ... ಮೊದಲ ಸಲ, ಅವಳಿಗೋಸ್ಕರ.

“ತಪ್ಪಾಯ್ತು ಪುಟ್ಟೀ. ನಾನು ಬರ್ಬೇಕಿತ್ತು.”

ಅವಳು ಅವನ ಮಡಿಲಲ್ಲಿದ್ದ ರಿಮೋಟನ್ನು ಜೋಪಾನವಾಗಿ ತೆಗೆದು ತನ್ನ ಹತ್ತಿರ ಇಟ್ಟುಕೊಂಡಳು.

ಹನ್ನೆರಡಾಯಿತು. ಬಾಗಿಲಲ್ಲಿ ಇಂಚರಳ ಅಮ್ಮ ಬಂದು ನಿಂತಿದ್ದರು. ನಿರಂಜನ ತಲೆ ಎತ್ತಿ, “ರಶ್ಮಿ, ಅವತ್ತು ನಾನ್ ಹಾಗೆ ಹೋಗ್ಬಾರ್ದಿತ್ತು” ಎಂದ.

“ತುಂಬಾ ತಡ ಆಯ್ತು” ಎಂದಷ್ಟೇ ಹೇಳಿ ಆಕೆ ಬೇರೆ ಕಡೆ ನೋಡಿದರು. ಅದೂ ನಿಜವೇ ಆಗಿತ್ತು. ಆ ಮನೆ ಮತ್ತೆ ಒಂದಾಗುವುದಿಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು.

ಜಯಶೀಲಾ ಮೇಡಂ ಮಂಡಿಯೂರಿ ಕೇಳಿದರು, “ಇಂಚರಾ, ಮುಂದಿನ ಶನಿವಾರ ಅಪ್ಪನ್ನ ನೋಡೋಕೆ ಬರ್ತೀಯಾ ಮಗಳೇ? ಇಷ್ಟ ಇಲ್ಲ ಅಂದ್ರೆ ಬೇಡ.”

ಅವಳು ಬಹಳ ಹೊತ್ತು ಚಪ್ಪಲಿಯ ಬೆಲ್ಟು ಹಾಕುತ್ತಾ ಕೂತಳು...

“ಬರ್ತೀನಿ. ಆದ್ರೆ ನಾನ್ ಬರೋ ಅಷ್ಟೊತ್ತಿಗೆ ಅಪ್ಪ ಬಂದು ಕೂತಿರ್ಬೇಕು.”

ಮುಂದಿನ ಶನಿವಾರ ಗೇಟು ತೆಗೆಯಲು ಬಂದ ವಾಚ್‌ಮನ್‌ಗೆ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಕೂತಿರುವುದು ಕಂಡಿತು. ಕೈಯಲ್ಲಿ ಒಂದು ಗಿಫ್ಟೂ ಇರಲಿಲ್ಲ.

“ಏನ್ ಸಾರ್, ಇನ್ನೂ ಎಂಟು ಗಂಟೆ. ನಿಮ್ದು ಹನ್ನೊಂದಕ್ಕಲ್ವಾ?”

“ಹೌದು,” ಎಂದ ನಿರಂಜನ. “ಇರ್ಲಿ, ಕೂತಿರ್ತೀನಿ.”

*

ಮಕ್ಕಳು ಕೇಳುವುದು ಜಗಳವೇ ಇಲ್ಲದ ಮನೆಯನ್ನಲ್ಲ... ಜಗಳವಾದ ಮೇಲೂ ವಾಪಸ್ ಬರುವ ಮನುಷ್ಯರನ್ನು.

ಕೋಪದಲ್ಲಿ ನೀವು ಧಡಾರನೆ ಹಾಕಿ ಬಂದ ಯಾವುದಾದರೂ ಬಾಗಿಲ ಹಿಂದೆ, ಇವತ್ತಿಗೂ ಯಾರೋ ಚಿಲಕ ಹಾಕದೆ ಕಾಯುತ್ತಿರಬಹುದೇ?