ಮೂರನೆಯ ಸಿಲಿಂಡರ್

ಇಂಜಿನ್ ಕೆಲಸ ಬಲ್ಲವರು ಕ್ಷಮಿಸಬೇಕು. ಕೇಳಿ ತಿಳಿದಷ್ಟನ್ನೇ ಹೇಳುವ ಧೈರ್ಯ ಇದು. ಶಿವಾಜಿನಗರದ ಗ್ಯಾರೇಜಿನಲ್ಲಿ ಇಕ್ರಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದಳು. ಅವಳು ಪೂರ್ತಿ ಬಿಚ್ಚಿ ಕಟ್ಟಿದ ಮೊದಲ ಇಂಜಿನ್ ಅದು. ಟಿಕ್ ಟಿಕ್ ಎನ್ನುತ್ತಿತ್ತು.

“ಏನ್ ಕರೀಂ ಭಾಯ್, ಇಂಜಿನ್ ಕಟ್ಟಿದ್ರೋ ಗಡಿಯಾರ ಕಟ್ಟಿದ್ರೋ?” ಕಾರಿನ ಯಜಮಾನ ಅಂಜನಮೂರ್ತಿ ಅವಳ ತಂದೆಯನ್ನು ಕೇಳಿದ. “ಮಗಳ ಕೈಗೆ ಕೊಟ್ಟಿದ್ದೇ ತಪ್ಪಾಯ್ತು. ಇನ್ಮೇಲೆ ನನ್ ಗಾಡಿ ನೀವೇ ಮುಟ್ಟಿ.”

ವಾಲ್ವಿನ ಸಂದು ಹೆಚ್ಚಾದರೆ ಬರುವ ಆ ಸದ್ದು ಮೂರನೆಯ ಸಿಲಿಂಡರಿನ ಮೇಲೆ ಜೋರಾಗಿತ್ತು. ನಾಲ್ಕರಲ್ಲಿ ಅದೊಂದರ ವಾಲ್ವ್‌ಗಳ ಸಂದು ಅಳೆದು ಬಿಗಿ ಮಾಡಿದ್ದು ಅವಳ ಅಬ್ಬಾ ಕರೀಂ; ಮಿಕ್ಕದ್ದೆಲ್ಲ ಇಕ್ರಾಳ ಕೆಲಸ. ಗಿರಾಕಿಗಳು ಬರುತ್ತಿದ್ದದ್ದೇ ಅಬ್ಬಾ ಅವರ ಕೈ ನಂಬಿ. ಅವಳು ತಲೆಯೆತ್ತಿ, “ಎರಡನೇದ್ರಲ್ಲಿ, ಅಬ್ಬಾ. ನಂದೇ ತಪ್ಪು” ಎಂದಳು.

ಕರೀಂ ಸ್ಕ್ರೂಡ್ರೈವರ್ ತೆಗೆದುಕೊಂಡು ಎರಡನೆಯದರ ಮೇಲಿಟ್ಟು ಕೇಳಿದರು. ಆಮೇಲೆ ಮೂರನೆಯದರ ಮೇಲಿಟ್ಟರು. ಅಲ್ಲಿ ತುಂಬ ಹೊತ್ತು ಬಗ್ಗಿಯೇ ಇದ್ದರು. “ಇಂಜಿನ್ ಸದ್ದು ಹೇಳುವಾಗ ನನ್ ಮುಖ ನೋಡ್ಬೇಡ ಬೇಟಿ” ಎಂದು ಅಂಜನಮೂರ್ತಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. “ಮೂರನೇದು. ನಾನು ಮಾಡಿದ್ದು. ನೀನೇ ಬಿಚ್ಚಿ ಸರಿ ಮಾಡು.” ಸ್ಪ್ಯಾನರನ್ನು ಅವಳ ಕೈಗಿಟ್ಟರು.

ಅವರ ಕೈ ತಪ್ಪಿದ್ದು ವಯಸ್ಸಿನಿಂದಲೋ ಅವಸರದಿಂದಲೋ, ಗೊತ್ತಿಲ್ಲ.